ಬ್ಯಾಗಿಗೆ ಮಾತ್ರ ತೂಕ

ಮಾರ್ಚ್ 4, ಬೆಳಿಗ್ಗೆ

ಪ್ಲಾನಿನ ಹದಿನೇಳನೆಯ ಪುಟ ಮತ್ತೆ ನನ್ನ ಮೇಜಿಗೇ ಬಂದಿದೆ. ಕೆಂಪು ಗೆರೆ. ಪಕ್ಕದಲ್ಲಿ ದೊಡ್ಡಪ್ಪನ ಕೋಳಿಕಾಲು ಅಕ್ಷರ: "ಪ್ರಯಾಣಿಕರನ್ನು ತೂಗತಕ್ಕದ್ದು."

ಹೊಡೆದುಹಾಕಿದೆ. ಕೆಳಗೆ ಬರೆದೆ: "ಪ್ರಯಾಣಿಕರು ತಮ್ಮ ತೂಕವನ್ನು ತಾವೇ ಹೇಳುವರು. ಸಂಘವು ಅದನ್ನು ನಂಬುವುದು."

ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ. ಕಿಟಕಿ ತೆಗೆದರೆ ವಾಸನೆ, ಮುಚ್ಚಿದರೆ ಸೆಕೆ. ಬೋರ್ಡಿನ ಮೇಲೆ 'ವೈಮಾನಿಕ ಸಲಹಾ ಸಂಸ್ಥೆ' ಎಂದಿದೆ. ಒಳಗೆ ದೊಡ್ಡಪ್ಪ, ನಾನು, ಒಂದು ಫ್ಯಾನ್. ದೊಡ್ಡಪ್ಪ ಇಡೀ ನೌಕರಿ ಮಾಡಿದ್ದು ವಿಮಾನದ ಹೊರೆ ಲೆಕ್ಕ ಹಾಕುವ ವಿಭಾಗದಲ್ಲಿ. ಪೈಲಟ್ ಸೀಟಿನಲ್ಲಿ ಒಂದು ದಿನ ಕೂತವರಲ್ಲ. ಟೈರ್ ಅಂಗಡಿಯವರು ಮಾತ್ರ 'ಕ್ಯಾಪ್ಟನ್' ಅನ್ನುತ್ತಾರೆ. ದೊಡ್ಡಪ್ಪನೂ ತಿದ್ದುವುದಿಲ್ಲ.

ಹೊಸ ವಿಮಾನ ಕಂಪನಿ ಕಟ್ಟುತ್ತೇವೆ ಅಂತ ಬರುವವರಿಗೆಲ್ಲ ಲೆಕ್ಕ ಹಾಕಿ ತೋರಿಸಿ ಮನೆಗೆ ಕಳಿಸುವುದೇ ನಮ್ಮ ಕೆಲಸ. "ಹತ್ತು ಜನ ಬಂದ್ರೆ ಒಂಬತ್ತು ಜನರನ್ನ ಉಳಿಸ್ತೀನಿ ಕಣೇ. ಹತ್ತನೆಯವನು ಹಟಮಾರಿ, ಅವನಿಗೆ ಮಾತ್ರ ಪ್ಲಾನ್ ಬರೆದುಕೊಡ್ತೀನಿ" ಅನ್ನುತ್ತಾರೆ.

ಈ ಸಲದ ಹತ್ತನೆಯವರು ಗುಡ್ಡದಾಚೆಯ ಊರಿನವರು. ಆಸ್ಪತ್ರೆ ಇರುವುದು ಈಚೆ ಪಟ್ಟಣದಲ್ಲಿ. ರಸ್ತೆಯಲ್ಲಿ ಬೆಳಿಗ್ಗೆ ಹೊರಟರೆ ಕತ್ತಲಾಗುತ್ತದೆ, ಅದೂ ರೋಗಿ ತಡೆದುಕೊಂಡರೆ. ಗಣಿಯವರು ಬಿಟ್ಟುಹೋದ ಒಂದು ಗಿಡ್ಡ ರನ್‌ವೇ ಅಲ್ಲಿದೆ. ಅದರ ಒಂದು ತುದಿ ನೇರ ಕಣಿವೆಗೆ. ಊರವರೇ ಸಂಘ ಕಟ್ಟಿಕೊಂಡಿದ್ದಾರೆ. ಒಂದು ಬಾಡಿಗೆ ವಿಮಾನ, ಒಂಬತ್ತು ಸೀಟು, ಒಬ್ಬಳು ಪೈಲಟ್. ಪೈಲಟ್ ಅಂದರೆ ಅಕ್ಕ. ದೊಡ್ಡಪ್ಪನ ಮಗಳು.

ಸಂಘ ಮಾಡಿ ಅಂದವಳು ನಾನು. ಸಾಹುಕಾರನ ವಿಮಾನವಲ್ಲ, ಹತ್ತುವವರದೇ ವಿಮಾನ. ನನ್ನ ಚಳವಳಿಯ ಕಿರುಹೊತ್ತಿಗೆಗಳಲ್ಲಿ ಓದಿದ್ದು ಮೊದಲ ಸಲ ಕಣ್ಣೆದುರು ನಡೆಯುತ್ತಿದೆ. ಅದಕ್ಕೇ ಹದಿನೇಳನೆಯ ಪುಟ ಬಿಡುವುದಿಲ್ಲ. ತಕ್ಕಡಿಗೆ ಹತ್ತಿದ ಮನುಷ್ಯ ಸರಕಾಗುತ್ತಾನೆ. ಅವುಗಳಲ್ಲೇ ನಾನು ಗೆರೆ ಎಳೆದಿಟ್ಟುಕೊಂಡಿರುವ ಮಾತು.

"ಬ್ಯಾಗು ತೂಗ್ತೀಯೋ ಇಲ್ವೋ?" ಅಂದರು ದೊಡ್ಡಪ್ಪ.

"ಬ್ಯಾಗು ತೂಗ್ತೀವಿ. ಬ್ಯಾಗಿಗೆ ಮಾನ ಇಲ್ಲ."

"ವಿಮಾನಕ್ಕೂ ಇಲ್ಲ ಮರಿ. ಅದಕ್ಕೆ ಭಾರ ಒಂದೇ ಗೊತ್ತು."

ಮಾರ್ಚ್ 9

ಗುಡ್ಡದಾಚೆಯ ಊರು. ಶಾಲೆಯ ಹಾಲ್. ಸಂಘದ ಅಧ್ಯಕ್ಷೆ ಅಲ್ಲಿನ ಟೀಚರ್. ಎತ್ತರದ ಹೆಂಗಸು, ಸೀಮೆಸುಣ್ಣ ಹಿಡಿದ ಹಾಗೆಯೇ ಬೆರಳು ಆಡಿಸುತ್ತಾ ಮಾತಾಡುತ್ತಾರೆ. ಅವರ ಗಂಡ ತೀರಿಹೋದದ್ದು ಆ ರಸ್ತೆಯಲ್ಲೇ, ಅರ್ಧ ದಾರಿಯಲ್ಲಿ, ಎದೆನೋವು. ಹೇಳಿಕೊಳ್ಳುವುದಿಲ್ಲ. ಊರಿನ ಟೈಲರ್ ಹೇಳಿದ.

ಎಲ್ಲವನ್ನೂ ಎಲ್ಲರೆದುರು ಇಡಬೇಕು ಅನ್ನುವುದು ನನ್ನ ನಿಯಮ. ಕರಿಹಲಗೆಯ ಮೇಲೆ ಬರೆದೆ. ಆ ರನ್‌ವೇಯಿಂದ, ಮಧ್ಯಾಹ್ನದ ಬಿಸಿಲಲ್ಲಿ ವಿಮಾನ ಹೊರಬಲ್ಲದ್ದು ಇಷ್ಟು. ಎಣ್ಣೆ ಇಷ್ಟು. ಪೈಲಟ್ ಇಷ್ಟು, ಪರೀಕ್ಷೆಗೆ ಬರುವ ಇನ್ಸ್‌ಪೆಕ್ಟರ್ ಇಷ್ಟು. ಬ್ಯಾಗು ಇಷ್ಟು. ಉಳಿದದ್ದು ನಿಮ್ಮದು, ಒಂಬತ್ತು ಜನರದ್ದು. ಕೊನೆಯ ಅಂಕಿಗೆ ಸುತ್ತಲೂ ಗೆರೆ ಹಾಕಿದೆ.

ದೊಡ್ಡಪ್ಪ ಎದ್ದು ತಮ್ಮ ಸಲಹೆ ಹೇಳಿದರು. ತೂಗಿ. ತೂಗುವುದಿಲ್ಲವಾದರೆ ಜನ ಹೇಳಿದ್ದಕ್ಕೆ ತಲೆಗೆ ಇಷ್ಟು ಕಿಲೋ ಅಂತ ನಾವೇ ಸೇರಿಸಿಕೊಳ್ಳಬೇಕು. ಆಗ ಒಂಬತ್ತರ ಬದಲು ಏಳು ಸೀಟು.

ಹಾಲಿನಲ್ಲಿದ್ದವರ ಮುಖ ಬಾಡಿತು. ಏಳು ಸೀಟು ಅಂದರೆ ಟಿಕೆಟ್ ಏರುತ್ತದೆ. ಕಾಯಿಲೆಯವರು ಮತ್ತೆ ಬಸ್ಸಿಗೇ. ಆ ರಸ್ತೆಯ ಬಸ್ ಧಣಿಯ ಅರ್ಜಿ ಆಗಲೇ ವಿಮಾನ ಇಲಾಖೆಯಲ್ಲಿ ನಮ್ಮ ಹಿಂದೆ ಸಾಲಿನಲ್ಲಿ ನಿಂತಿದೆ: ಆರು ಸೀಟು, ಮೆತ್ತನೆಯ ಕುರ್ಚಿ, ದುಡ್ಡಿದ್ದವರಿಗೆ. ನಮ್ಮ ಪರೀಕ್ಷೆಯ ಹಾರಾಟ ಬಿದ್ದುಹೋದರೆ ಆ ರನ್‌ವೇ ಅವನದು.

ಎದ್ದು ನಿಂತೆ. "ತಕ್ಕಡಿ ಹತ್ತಿದೋರು ಸರಕು. ಸೇರಿಸೋದು ಅಂದ್ರೆ ನಿಮ್ಮನ್ನ ಸುಳ್ಳುಗಾರರು ಅಂದ ಹಾಗೆ. ನಿಮ್ಮ ವಿಮಾನಕ್ಕೆ ನೀವೇ ಸುಳ್ಳು ಹೇಳ್ತೀರಾ?"

ಎಲ್ಲ ಕೈ ಮೇಲೆ. ತೂಕ ಇಲ್ಲ, ಸೇರಿಸುವುದೂ ಇಲ್ಲ. ಚಪ್ಪಾಳೆ.

ದೊಡ್ಡಪ್ಪ ಕನ್ನಡಕ ಒರೆಸಿಕೊಳ್ಳುತ್ತಾ, "ಒಳ್ಳೆ ಭಾಷಣ. ವಿಮಾನ ಚಪ್ಪಾಳೆಗೆ ಏಳೋ ಹಾಗಿದ್ರೆ ನಾನು ಎಣ್ಣೆ ಲೆಕ್ಕ ಕಲೀತಾನೇ ಇರ್ಲಿಲ್ಲ" ಅಂದರು.

ಮಾರ್ಚ್ 10

ಹದಿನೇಳನೆಯ ಪುಟಕ್ಕೆ ದೊಡ್ಡಪ್ಪ ಸಹಿ ಹಾಕಲಿಲ್ಲ. "ಸಲಹೆ ಕೊಡೋದು ನನ್ನ ಕೆಲಸ, ಕೇಳೋದು ಬಿಡೋದು ಯಜಮಾನರದು. ಈ ಪುಟ ನಿಂದು. ನೀನೇ ಹಾಕು." ಹಾಕಿದೆ. ಹೊರೆಯ ಚೀಟಿ ಬರೆದು ಪೈಲಟ್ ಕೈಗೆ ಕೊಡುವ ಕೆಲಸವೂ ನನ್ನದೇ ಆಯಿತು.

ಅಕ್ಕ ಬಂದಿದ್ದಳು. ನನ್ನ ಕುರ್ಚಿಯ ಮೇಲೆ ಕೂತು, ನನ್ನ ಟೀ ಕುಡಿದು, ನನ್ನ ಪುಟ ಓದಿದಳು.

"ಲೇ ಕ್ರಾಂತಿ" — ಹಾಗೇ ಕರೆಯುವುದು — "ನಾನು ಮುಂದೆ ನೋಡ್ತಾ ಕೂತಿರ್ತೀನಿ. ಬೆನ್ನ ಹಿಂದೆ ಎಷ್ಟು ಭಾರ ಇದೆ ಅಂತ ನಂಗೆ ಕಾಣಲ್ಲ. ನೀನು ಕೊಟ್ಟ ಚೀಟಿ ನೋಡಿ ಹೊರಡ್ತೀನಿ. ಹೊರಡೋ ಮುಂಚೆ ಒಂದೇ ಮಾತು ಕೇಳ್ತೀನಿ. ಚೀಟಿ ಸರಿ ಇದೆಯಾ ಅಂತ."

"ಸರಿ ಇರುತ್ತೆ."

"ಈಗ ಕೇಳ್ಲಿಲ್ಲ. ಅವತ್ತು ಕೇಳ್ತೀನಿ."

ಮಾರ್ಚ್ 21

ಒಂಬತ್ತು ಜನರ ತೂಕ ಬಂತು. ಟೀಚರ್ ಫೋನಿನಲ್ಲಿ ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಕೂಡಿದೆ. ಮತ್ತೆ ಕೂಡಿದೆ. ಹಲಗೆಯ ಮೇಲೆ ಗೆರೆ ಹಾಕಿದ ಅಂಕಿಗಿಂತ ಕೂದಲೆಳೆಯಷ್ಟು ಕಡಿಮೆ!

ಓಡಿಹೋಗಿ ದೊಡ್ಡಪ್ಪನ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು.

"ತುಂಬಾ ಚೆನ್ನಾಗಿದೆ" ಅಂದರು. "ಅದೇ ತೊಂದರೆ. ನನ್ನ ಜನ್ಮದಲ್ಲಿ ಯಾವ ಲೆಕ್ಕಾನೂ ಹೀಗೆ ತಾನಾಗೇ ಬಂದು ಮಡಿಲಲ್ಲಿ ಕೂತಿಲ್ಲ."

"ನಿಮಗೆ ಜನರ ಮೇಲೆ ನಂಬಿಕೆ ಇಲ್ಲ ದೊಡ್ಡಪ್ಪ."

"ಜನರ ಮೇಲಿದೆ. ಅಂಕಿ ಮೇಲಿಲ್ಲ."

ಮಾತು ಬೆಳೆಸಲಿಲ್ಲ. ಮುದುಕರಿಗೆ ಹೊಸದೆಲ್ಲ ಅನುಮಾನವೇ. ಸಂಜೆ ಅಕ್ಕನಿಗೆ ಹೇಳಿದೆ. "ನನ್ನ ತೂಕ ಎಷ್ಟು ಅಂತ ಬರೆದಿದೀಯ?" ಅಂತ ಕೇಳಿದಳು. ಹೇಳಿದೆ. "ಅದು ಮದುವೆಗೆ ಮುಂಚಿನದು" ಅಂತ ನಕ್ಕಳು. ತಿದ್ದಿಕೊಂಡೆ. ಕೂದಲೆಳೆ ಹೋಯಿತು. ಎಣ್ಣೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಹೊಂದಿಸಿದೆ.

ಮಾರ್ಚ್ 27, ಮಧ್ಯಾಹ್ನ

ನಾಳೆ ಪರೀಕ್ಷೆ. ಅಕ್ಕ ಇನ್ಸ್‌ಪೆಕ್ಟರನ್ನು ಪಕ್ಕ ಕೂರಿಸಿಕೊಂಡು ಪಟ್ಟಣದಿಂದ ಬರುತ್ತಾಳೆ, ಇಲ್ಲಿ ಒಂಬತ್ತು ಜನರನ್ನು ಹತ್ತಿಸಿಕೊಂಡು ಹೊರಡುತ್ತಾಳೆ. ನಾನು ನಿನ್ನೆಯೇ ಬಸ್ಸಿನಲ್ಲಿ ಬಂದೆ.

ಇವತ್ತು ತಾಲೀಮು. ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಲ್ಲರನ್ನೂ ಸಾಲು ನಿಲ್ಲಿಸಿದೆ. ಬ್ಯಾಗಿನ ತಕ್ಕಡಿ ಇಟ್ಟೆ. ಬ್ಯಾಗು ಒಂದೊಂದಾಗಿ ಬಂದವು. ಹತ್ತಿಯ ಹಾಗೆ ಹಗುರ. ಟೈಲರ್‌ನ ಬ್ಯಾಗಿನಲ್ಲಿ ಒಂದು ಟವೆಲ್ಲು, ಅಷ್ಟೆ. ಖುಷಿಯಾಯಿತು.

ಆಮೇಲೆ ಅವನ ಕೋಟು ನೋಡಿದೆ. ಈ ಸೆಕೆಯಲ್ಲಿ ಕೋಟು. ಜೇಬುಗಳು ಹೊಟ್ಟೆ ಬಂದ ಹಾಗೆ ಊದಿಕೊಂಡಿದ್ದವು.

"ಏನಿದು?"

"ಕತ್ತರಿ. ದೊಡ್ಡದು, ಚಿಕ್ಕದು. ಇಸ್ತ್ರಿ ಪೆಟ್ಟಿಗೆ ಹಿಡಿಸ್ಲಿಲ್ಲ ಜೇಬಿಗೆ, ಇಲ್ದಿದ್ರೆ…" ಅಂತ ನಾಚಿಕೊಂಡ. "ಪಟ್ಟಣದಲ್ಲಿ ಸಾಣೆ ಹಿಡಿಸೋದಿತ್ತು. ಬ್ಯಾಗು ತೂಗ್ತೀರಿ, ಮನುಷ್ಯರನ್ನ ತೂಗಲ್ಲ ಅಂದ್ರಿ. ಅದಕ್ಕೆ ಇಲ್ಲಿ ಹಾಕ್ಕೊಂಡೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುತ್ತ ನೋಡಿದೆ. ನರ್ಸ್ ಮೈಮೇಲೆ ಸ್ವೆಟರ್ ಮೇಲೆ ಸ್ವೆಟರ್. ಬೀಗ ಮಾಡುವವನ ಸೊಂಟದಲ್ಲಿ ಬೀಗದಕೈ ಗೊಂಚಲು ಗೊಂಚಲು. ಬ್ಯಾಗಿನಲ್ಲಿದ್ದದ್ದೆಲ್ಲ ಮೈಗೆ ಏರಿದೆ. ನಗು ಅಲ್ಲೇ ನಿಂತಿತು.

"ಇದನ್ನೆಲ್ಲ ಸೇರಿಸಿ ತಾನೇ ನೀವು ತೂಕ ಹೇಳಿದ್ದು?"

ಟೈಲರ್ ಟೀಚರ್ ಮುಖ ನೋಡಿದ. ಟೀಚರ್ ಕಿಟಕಿ ನೋಡಿದರು.

"ಸೇರಿಸೋದಾ? ನಾನು ಸಂಘಕ್ಕೆ ಅಂತ ನನ್ನ ತೂಕದಲ್ಲಿ ಆರು ಕಿಲೋ ಬಿಟ್ಟುಕೊಟ್ಟಿದೀನಿ" ಅಂದ. ಹೆಮ್ಮೆಯಿಂದ ಅಂದ. "ಬೀಗದವನು ಎಂಟು. ಅವನು ದಪ್ಪ, ಅವನಿಗೆ ಜಾಸ್ತಿ ಬಂತು. ನರ್ಸಮ್ಮ ಬಡಕಲು, ಎರಡೇ ಸಾಕು ಅಂದ್ವಿ. ನ್ಯಾಯವಾಗಿ ಹಂಚಿದೀವಿ."

ತಕ್ಕಡಿಯ ಮೇಲಿದ್ದ ಬ್ಯಾಗು ತೆಗೆದು ಕೆಳಗಿಟ್ಟೆ.

ಮಾರ್ಚ್ 27, ಸಂಜೆ

ಟೀಚರ್ ಮನೆಯ ಜಗಲಿ. ಒಳಗೆ ಅವರು ಉತ್ತರಪತ್ರಿಕೆ ತಿದ್ದುತ್ತಿದ್ದಾರೆ. ನಮ್ಮಿಬ್ಬರ ನಡುವೆ ನಡೆದದ್ದನ್ನು ಬರೆದಿಡುತ್ತೇನೆ.

ಅವರು ಮುಚ್ಚಿಡಲಿಲ್ಲ. ನಾನು ಹೋದ ಮೇಲೆ ಹಲಗೆ ಒರೆಸಲಿಲ್ಲವಂತೆ. ಕೂತು ನಿಜವಾದ ತೂಕ ಕೂಡಿದರಂತೆ. ಒಂಬತ್ತು ಜನ ಹಿಡಿಸಲಿಲ್ಲ. "ಉತ್ತರ ನೀನೇ ಬರೆದು ಗೆರೆ ಹಾಕಿದ್ದೆ ಕಣಮ್ಮ. ನಾವು ಲೆಕ್ಕಾನ ಅದಕ್ಕೆ ಹೊಂದಿಸಿದ್ವಿ. ನನ್ನ ಕ್ಲಾಸಿನ ಮಕ್ಕಳೂ ಹಂಗೇ ಮಾಡೋದು."

"ಟೀಚರ್, ವಿಮಾನ ಏಳಲ್ಲ."

"ಏಳುತ್ತೆ. ವಿಮಾನದೋರು ಯಾವಾಗ್ಲೂ ಒಂದಿಷ್ಟು ಇಟ್ಟುಕೊಂಡೇ ಹೇಳೋದು. ಔಷಧಿ ಮೇಲೆ ತಾರೀಖು ಹಾಕ್ತಾರಲ್ಲ, ಆಮೇಲೂ ಕುಡೀತೀವಿ."

"ನಾಳೆ ಬೆಳಿಗ್ಗೆ ಎಲ್ಲರನ್ನೂ ತೂಗಿಬಿಡೋಣ."

ಬೆರಳು ಆಡುವುದು ನಿಂತಿತು. "ತಕ್ಕಡಿ ಹತ್ತಿದೋರು ಸರಕು ಅಂದಿದ್ದು ಯಾರು? ಕೈ ಎತ್ತಿಸಿದ್ದು ಯಾರು? ಬೇಕಾದಾಗ ಕೈ ಎತ್ತಿ, ಬೇಡವಾದಾಗ ತಕ್ಕಡಿ ಹತ್ತಿ ಅನ್ನೋಕೆ ನಮಗೆ ಬಸ್ ಧಣಿಯೇ ಸಾಕಲ್ಲ."

ಅವರು ಹೇಳಿದ್ದು ನನ್ನದೇ ಮಾತು, ಒಂದಕ್ಷರ ಬಿಡದೆ.

ಕೈಚೀಲದಲ್ಲಿ ನಾಲ್ಕು ಕಿರುಹೊತ್ತಿಗೆ ಇವೆ. ತಿರುವಿ ನೋಡಿದೆ. ಎಲ್ಲದರಲ್ಲೂ ಮೇಲಿನವರು ಕೆಳಗಿನವರಿಗೆ ಸುಳ್ಳು ಹೇಳುತ್ತಾರೆ. ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಎಲ್ಲರೂ ಸೇರಿ ಸುಳ್ಳು ಹೇಳಿದರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ.

ದೊಡ್ಡಪ್ಪನ ಫೋನು. "ಎಲ್ಲ ಸರಿನಾ ಮರಿ?"

ಟೀಚರ್ ಬಾಗಿಲಲ್ಲಿ ನಿಂತಿದ್ದರು.

"ಹೂಂ" ಅಂದೆ.

"ನಾಳೆ ಸೆಕೆ ಜಾಸ್ತಿ ಅಂತೆ. ಬಿಸಿ ಗಾಳಿ ತೆಳು, ರೆಕ್ಕೆಗೆ ಸಿಗಲ್ಲ. ಅಕ್ಕಂಗೆ ಹೇಳು" ಅಂದು ಇಟ್ಟರು. ಅವಳು ಅವರ ಪಕ್ಕದ ಕೋಣೆಯಲ್ಲೇ ಇದ್ದಳು. ನನಗೇಕೆ ಹೇಳಿದರು…

ಮಾರ್ಚ್ 28, ವಿಮಾನ ಇಳಿದ ಮೇಲೆ

ಗಾಳಿ ಇಲ್ಲ. ಕಂಬದ ಗಾಳಿಚೀಲ ಬಾಯಾರಿದ ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದಿದೆ. ಅಕ್ಕ ಇಳಿದು ಕಣಿವೆಯ ತುದಿಯವರೆಗೆ ನಡೆದುಹೋಗಿದ್ದಾಳೆ, ನೆಲ ನೋಡಲು. ಇನ್ಸ್‌ಪೆಕ್ಟರ್ ಸಣ್ಣ ಮನುಷ್ಯ, ಕೊಡೆ ಹಿಡಿದು ರೆಕ್ಕೆಯ ಕೆಳಗೆ ನಿಂತಿದ್ದಾನೆ. ಒಂಬತ್ತು ಜನ ಶೆಡ್ಡಿನಲ್ಲಿ. ಕೋಟು ಹಾಗೇ ಇದೆ. ಯಾರೂ ನನ್ನ ಕಡೆ ನೋಡುತ್ತಿಲ್ಲ.

ಚೀಟಿ ನನ್ನ ಕೈಯಲ್ಲಿ. ಬೆವರಿಗೆ ಮೂಲೆ ಮೆತ್ತಗಾಗಿದೆ.

ಹೇಳಿದರೆ ಸಂಘ ಹೋಯಿತು. ರನ್‌ವೇ ಧಣಿಯದು. ಒಬ್ಬಳ ಮಾತು ಇಡೀ ಹಾಲಿನ ಕೈಗಳನ್ನು ಇಳಿಸಿದ ಹಾಗೆ. ನಾನು ಓದಿದ್ದೆಲ್ಲ ಇಂಥ ಒಬ್ಬರ ವಿರುದ್ಧವೇ.

ಹೇಳದಿದ್ದರೆ —

ಅಕ್ಕ ತಿರುಗಿದಳು. ಬರುತ್ತಿದ್ದಾಳೆ.

ಅದೇ ದಿನ, ಮಧ್ಯಾಹ್ನ

ಬರೆಯುತ್ತೇನೆ.

ಅಕ್ಕ ಚೀಟಿ ತೆಗೆದುಕೊಂಡಳು. ಓದಿದಳು. ಎಲ್ಲರೂ ಕೇಳುವ ಹಾಗೆ ಕೇಳಿದಳು, "ಚೀಟಿ ಸರಿ ಇದೆಯಾ?"

ಟೀಚರ್ ನನ್ನನ್ನು ನೋಡಿದರು. ಬೇಡುವ ನೋಟ. ಆ ಹೆಂಗಸು ಯಾರನ್ನೂ ಬೇಡಿದವರಲ್ಲ.

"ಇಲ್ಲ" ಅಂದೆ.

"ಎಷ್ಟು ತಪ್ಪು?"

"ಗೊತ್ತಿಲ್ಲ."

ಅಕ್ಕ ಚೀಟಿ ನಾಲ್ಕಾಗಿ ಮಡಿಸಿ ಜೇಬಿಗಿಟ್ಟಳು. "ಹಾಗಾದ್ರೆ ನಾನು ಹೋಗಲ್ಲ" ಅಂದಳು, ಅಂಗಡಿಯಲ್ಲಿ ಬಣ್ಣ ಹಿಡಿಸದ ಸೀರೆ ಬೇಡ ಅಂದ ಹಾಗೆ. ಇನ್ಸ್‌ಪೆಕ್ಟರ್ ಕೊಡೆ ಮಡಿಸಿದ. ಏನೋ ಬರೆದುಕೊಂಡ. ಇಬ್ಬರೂ ಖಾಲಿ ವಿಮಾನದಲ್ಲಿ ಹೊರಟುಹೋದರು. ಖಾಲಿಯಿದ್ದೂ ಅದು ನೆಲ ಬಿಡಲು ಎಷ್ಟು ಓಡಿತು ಅಂತ ಎಲ್ಲರೂ ನೋಡಿದರು.

ಟೀಚರ್ ಹೋಗುವಾಗ ಹೇಳಿದರು: "ಕೈ ಎತ್ತಿದ್ದು ಊರೆಲ್ಲ. ಇಳಿಸಿದ್ದು ನೀನೊಬ್ಬಳು."

ಬಸ್ಸಿಗೆ ಕಾಯುತ್ತಿದ್ದೇನೆ. ಧಣಿಯ ಬಸ್ಸಿಗೆ.

ಏಪ್ರಿಲ್ 2

ನಾಲ್ಕು ದಿನ ಬರೆಯಲಿಲ್ಲ. ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು.

ಟೈಲರ್ ಫೋನ್ ಮಾಡಿದ್ದ. ಮನಸ್ಸು ತಡೆಯದೆ ಸಿಮೆಂಟ್ ಗೋದಾಮಿಗೆ ಹೋಗಿ, ಕೋಟು ಸಮೇತ ಮೂಟೆ ತೂಗುವ ತಕ್ಕಡಿ ಹತ್ತಿದನಂತೆ. "ಆರು ಬಿಟ್ಟುಕೊಟ್ಟೆ ಅಂದ್ಕೊಂಡಿದ್ದೆ ಅಮ್ಮ. ಹದಿನಾಲ್ಕು ಬಿಟ್ಟಿದ್ದೆ. ನನ್ನ ತೂಕ ನಂಗೇ ಗೊತ್ತಿರ್ಲಿಲ್ಲ. ಮೈ ಯಾವಾಗ ಬಂತೋ." ಊರಿಗೆಲ್ಲ ಬಟ್ಟೆಯ ಅಳತೆ ತೆಗೆಯುವವನು.

ಅಕ್ಕ ಆ ಅಂಕಿಯಿಂದ ಉಳಿದವರದ್ದನ್ನು ಅಂದಾಜು ಮಾಡಿ, ರನ್‌ವೇ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ವಿಮಾನ ಓಡುವ ಗೆರೆ ಎಳೆದಳು. ಗೆರೆ ರನ್‌ವೇ ಮುಗಿದ ಮೇಲೂ ಹೋಯಿತು. ಕಾಗದದ ಅಂಚಿನಲ್ಲಿ ಪೆನ್ಸಿಲ್ ನಿಲ್ಲಿಸಿದಳು. ದೊಡ್ಡಪ್ಪ ಎದ್ದು ಹೋಗಿ ಫ್ಯಾನ್ ಜೋರು ಮಾಡಿದರು. ಆಗಲೇ ಜೋರಾಗಿಯೇ ಇತ್ತು.

ಏಪ್ರಿಲ್ 6

ಇನ್ಸ್‌ಪೆಕ್ಟರ್ ಕಚೇರಿಯಿಂದ ಫೋನು. ತಪ್ಪು ಹಾರುವ ಮೊದಲೇ ನೀವೇ ಹಿಡಿದಿದ್ದೀರಿ, ಇನ್ನೊಂದು ದಿನ ಕೊಡುತ್ತೇವೆ. ಒಂದೇ ಒಂದು. ಆಮೇಲೆ ಧಣಿಯ ಸರದಿ.

ಇಡೀ ದಿನ ಮೂವರೂ ಲೆಕ್ಕಕ್ಕೆ ಕೂತೆವು. ಮಧ್ಯಾಹ್ನದ ಬದಲು ಬೆಳಗಿನ ತಂಪಿನಲ್ಲಿ ಹೊರಟರೆ ಎಂಟು ಸೀಟು ಬರುತ್ತದೆ. ಟಿಕೆಟ್ ಸ್ವಲ್ಪ ಏರುತ್ತದೆ, ಧಣಿಯಷ್ಟಲ್ಲ. ಆದರೆ ತೂಗಲೇಬೇಕು. ಟೀಚರ್‌ಗೆ ಹೇಳಿ ಕಳಿಸಿದೆ. ಉತ್ತರ ಬಂತು: ಯಾರೂ ತಕ್ಕಡಿ ಹತ್ತುವುದಿಲ್ಲ.

ಕೋಪ ಬರಲಿಲ್ಲ. ಟೈಲರ್ ಕೋಟಿನ ಬಗ್ಗೆ ಯೋಚಿಸುತ್ತಿದ್ದೆ. ಅವನು ಕತ್ತರಿಯನ್ನು ಬ್ಯಾಗಿನಿಂದ ಜೇಬಿಗೆ ಹಾಕಿಕೊಂಡದ್ದು ಯಾಕೆ? ನಾನು ಬ್ಯಾಗು ಬೇರೆ, ಮನುಷ್ಯ ಬೇರೆ ಮಾಡಿದ್ದಕ್ಕೆ.

ಹದಿನೇಳನೆಯ ಪುಟ ಹೊಸದಾಗಿ ಬರೆದೆ. "ಪ್ರಯಾಣಿಕರು ತಮ್ಮ ಸಾಮಾನನ್ನು ಹಿಡಿದುಕೊಂಡು ತಕ್ಕಡಿ ಹತ್ತುವರು. ಒಟ್ಟು ಅಂಕಿಯನ್ನು ಮಾತ್ರ ಬರೆಯತಕ್ಕದ್ದು." ಎಷ್ಟು ಮೈ, ಎಷ್ಟು ಬ್ಯಾಗು — ಯಾರಿಗೂ ತಿಳಿಯಬೇಕಾಗಿಲ್ಲ. ವಿಮಾನಕ್ಕೂ ಬೇಕಾಗಿಲ್ಲ.

ದೊಡ್ಡಪ್ಪ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"'ತಕ್ಕದ್ದು' ಅಂತ ಬರೆದಿದೀಯಲ್ಲ" ಅಂದರು. "ಆ ಪದ ನಿಂಗೆ ಆಗ್ತಿರ್ಲಿಲ್ಲ."

ಸಹಿ ಹಾಕಿದರು.

ಏಪ್ರಿಲ್ 11, ಶಾಲೆಯ ಹಾಲ್

ಭಾಷಣ ಮಾಡಲಿಲ್ಲ. ಹೊಸ ಪುಟ ಓದಿದೆ, ಅಷ್ಟೆ. ಸಿಮೆಂಟ್ ಗೋದಾಮಿನ ತಕ್ಕಡಿಯನ್ನು ಟೈಲರ್ ಮತ್ತು ಬೀಗದವನು ಹೊತ್ತು ತಂದಿದ್ದಾರೆ. ಹಲಗೆಯ ಕೆಳಗಿದೆ. ಹಲಗೆಯ ಮೇಲೆ ನನ್ನ ಅಂಕಿ ಇನ್ನೂ ಇತ್ತು. ಒರೆಸಿದೆ.

ನನ್ನ ಚೀಲ ಹೆಗಲಿಗೆ ಹಾಕಿಕೊಂಡು ನಾನೇ ಮೊದಲು ಹತ್ತಿದೆ. ಕಿರುಹೊತ್ತಿಗೆಗಳು ಭಾರವೇ. ಟೈಲರ್ ಅಂಕಿ ಓದಿ, "ಇದರಲ್ಲಿ ಪುಸ್ತಕ ಎಷ್ಟು, ಹುಡುಗಿ ಎಷ್ಟು?" ಅಂದ. ಒಬ್ಬಿಬ್ಬರು ನಕ್ಕರು. ಇಳಿದೆ. ಯಾರೂ ಏಳಲಿಲ್ಲ. ಬೆಂಚಿಗೆ ಬಂದು ಕೂತೆ. ಏನು ಮಾಡಬೇಕೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ. ಗೋಡೆಗೆ ಒರಗಿ ಅಕ್ಕ ನಿಂತಿದ್ದಾಳೆ. ದೊಡ್ಡಪ್ಪ ಕನ್ನಡಕ ಒರೆಸುತ್ತಲೇ ಇದ್ದಾರೆ. ಟೀಚರ್ ಮುಂದಿನ ಸಾಲಿನಲ್ಲಿ, ಕೈ ಕಟ್ಟಿಕೊಂಡು.

ಬಾಗಿಲಾಚೆ ಬಸ್ಸಿನ ಹಾರ್ನ್. ಎಲ್ಲರೂ ಅತ್ತ ತಿರುಗಿದರು.

ಟೀಚರ್ ತಿರುಗಲಿಲ್ಲ. ಎದ್ದರು. ಉತ್ತರಪತ್ರಿಕೆಗಳ ಕಟ್ಟು ಎದೆಗೊತ್ತಿಕೊಂಡರು. ತಕ್ಕಡಿಯ ಹತ್ತಿರ ಹೋಗಿ ಚಪ್ಪಲಿ ಬಿಡಲು ಬಗ್ಗಿದರು.

"ಬಿಡಬೇಡಿ ಟೀಚರ್" ಅಂದಳು ಅಕ್ಕ. "ವಿಮಾನಕ್ಕೂ ಹಾಕ್ಕೊಂಡೇ ಬರ್ತೀರಲ್ಲ."

ಹತ್ತಿದರು. ನೆಟ್ಟಗೆ ನಿಂತರು, ಪ್ರಾರ್ಥನೆಗೆ ನಿಲ್ಲಿಸುವ ಹಾಗೆ. ಹಿಂದೆ ಬೆಂಚುಗಳು ಕಿರುಗುಟ್ಟುತ್ತಿವೆ, ಒಬ್ಬೊಬ್ಬರೇ ಏಳುತ್ತಿದ್ದಾರೆ. ಮುಳ್ಳು ಇನ್ನೂ ಓಲಾಡುತ್ತಿದೆ.

"ಬಾಮ್ಮ, ಓದು" ಅನ್ನುತ್ತಿದ್ದಾರೆ. ನನಗೇ. ಎದ್ದೆ —